ತೆನೆಯಲ್ಲಿ ಹಾಲು ತುಂಬುವ ಹೊತ್ತು

ಯೇಸುವಿನ ತಾಯಿ ಮರಿಯಳ ಜನ್ಮದಿನವೂ ಹೊಸ ತೆನೆಯ ಹಬ್ಬವೂ ಆದ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ನಮ್ಮ ಕರಾವಳಿಯ ಚರ್ಚುಗಳಲ್ಲಿ ಮಕ್ಕಳು ಹೂಗಳನ್ನು ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ಒಯ್ದು, ಕಾಳು ಸುಲಿದು ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯ ಹಿರಿಯರು ಪ್ರಾರ್ಥಿಸಿ ಹಂಚಿದ ಮೇಲೆಯೇ ಊಟ. ನಮ್ಮ ಕ್ರೈಸ್ತ ನಂಬಿಕೆಯ ಬಹಳ ಆಳವಾದ ಮಾತೊಂದು ಈ ಆಚರಣೆಯಲ್ಲಿದೆ ಎಂದು ನಾನು ತಿಳಿದಿದ್ದೇನೆ.

ದೇವರು ಜಗತ್ತನ್ನು ಸೃಷ್ಟಿಸಿದನು ಎಂದು ಹೇಳುವಾಗ ನಮ್ಮಲ್ಲಿ ಅನೇಕರು ಅದನ್ನು ಎಂದೋ ಮುಗಿದ ಕೆಲಸವೆಂದು ಭಾವಿಸುತ್ತೇವೆ. 13ನೇ ಶತಮಾನದ ದೇವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರು ಇದನ್ನು ಒಪ್ಪಲಿಲ್ಲ. ಮನೆ ಕಟ್ಟಿದವನು ಹೊರಟುಹೋದರೂ ಮನೆ ನಿಂತಿರುತ್ತದೆ. ಆದರೆ ಸೂರ್ಯ ಮರೆಯಾದರೆ ಗಾಳಿಯಲ್ಲಿದ್ದ ಬೆಳಕು ಉಳಿಯುವುದಿಲ್ಲ. ಸೃಷ್ಟಿಗೂ ದೇವರಿಗೂ ಇರುವ ಸಂಬಂಧ ಈ ಎರಡನೆಯ ಬಗೆಯದು ಎಂದು ಅವರು ವಿವರಿಸಿದರು. ಬೈಬಲಿನ 104ನೆಯ ಕೀರ್ತನೆಯೂ ಇದನ್ನೇ ಹಾಡುತ್ತದೆ: ಆತನು ಕೈ ತೆರೆದರೆ ಜೀವಿಗಳು ಉಣ್ಣುತ್ತವೆ, ಉಸಿರನ್ನು ತೆಗೆದುಕೊಂಡರೆ ಮಣ್ಣಿಗೆ ಮರಳುತ್ತವೆ.

ಇದು ನನಗೆ ಮನದಟ್ಟಾದದ್ದು ಪುಸ್ತಕದಿಂದಲ್ಲ, ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಗದ್ದೆಯಿಂದ. ಭತ್ತದ ಹೂ ಬೆಳಗಿನ ಹೊತ್ತು ಒಂದೆರಡು ಗಂಟೆ ಮಾತ್ರ ತೆರೆದಿದ್ದು ಮುಚ್ಚಿಕೊಳ್ಳುತ್ತದೆ. ಬಳಿಕ ಕಾಳಿನೊಳಗೆ ಹಾಲು ತುಂಬಿ, ಅದು ಗಟ್ಟಿಯಾಗಿ, ಹೆಚ್ಚುಕಡಿಮೆ 30 ದಿನಗಳಲ್ಲಿ ತೆನೆ ಬಲಿಯುತ್ತದೆ. ಉಳುವುದು, ನೇಜಿ (ಭತ್ತದ ಸಸಿ) ನೆಡುವುದು, ಕಳೆ ಕೀಳುವುದು ನಮ್ಮ ಕೆಲಸ. ಹಾಲು ತುಂಬಿಸುವುದು ನಮ್ಮಿಂದಾಗದು. ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಯೇಸು ಹೇಳುವ ರೈತನೂ ಬೀಜ ಬಿತ್ತಿ, ರಾತ್ರಿ ಮಲಗಿ, ಹಗಲು ಏಳುತ್ತಾನೆ. ಮೊಳಕೆ, ತೆನೆ, ತುಂಬಿದ ಕಾಳು ಹೇಗಾದವೆಂದು ಅವನಿಗೆ ತಿಳಿಯದು. ಕಾಳು ಬೆಳೆಯುವ ಬಗೆಯನ್ನು ವಿಜ್ಞಾನ ಇಂದು ಚೆನ್ನಾಗಿ ವಿವರಿಸುತ್ತದೆ, ಅದರಿಂದ ನನ್ನ ಕೃತಜ್ಞತೆ ಹೆಚ್ಚಿದೆಯೇ ಹೊರತು ಕುಗ್ಗಿಲ್ಲ. ನಾವು ಗದ್ದೆಯನ್ನು ಪೂಜಿಸುವುದಿಲ್ಲ. ಗದ್ದೆಯಲ್ಲಿ ದುಡಿಯುತ್ತಿರುವ ದೇವರ ಕೈಯನ್ನು ಗುರುತಿಸುತ್ತೇವೆ. (ನೆರೆಯ ತುಳುವರ ಮನೆಗಳಲ್ಲಿ ತೆನೆ ಕಟ್ಟುವುದನ್ನು ಕಂಡಾಗಲೆಲ್ಲ, ಅನ್ನದ ಮುಂದೆ ತಲೆಬಾಗುವುದರಲ್ಲಿ ನಾವು ಒಂದೇ ಊರಿನವರು ಎಂದು ನನಗೆ ಸಂತೋಷವಾಗುತ್ತದೆ.)

ಆದ್ದರಿಂದಲೇ ಒಂದು ಸಂಗತಿ ನನ್ನನ್ನು ನೋಯಿಸುತ್ತದೆ. ಗದ್ದೆಗಳಿಗೆ ಮಣ್ಣು ತುಂಬಿಸಿ ಕಟ್ಟಡ ಕಟ್ಟಿದ ಊರುಗಳಲ್ಲಿ ಇಂದು ಹಬ್ಬದ ತೆನೆಯನ್ನು ದೂರದಿಂದ ತರಿಸಬೇಕಾಗಿದೆ. ಗದ್ದೆಯನ್ನೇ ಕಾಣದ ಮಗುವಿಗೆ ಆ ತೆನೆ ಅಲಂಕಾರದ ವಸ್ತುವಾಗಿ ತೋರಿದರೆ ತಪ್ಪು ಮಗುವಿನದಲ್ಲ. ಪ್ರತಿ ಚರ್ಚು ತನ್ನ ಜಮೀನಿನಲ್ಲಿ ಒಂದು ತುಂಡು ಗದ್ದೆಯನ್ನಾದರೂ ಉಳಿಸಿಕೊಂಡು, ಧರ್ಮೋಪದೇಶದ ಮಕ್ಕಳನ್ನು ಆಷಾಢದ ಮಳೆಯಲ್ಲಿ ಅಲ್ಲಿಗೆ ನೇಜಿ ನೆಡಲು ಕರೆದೊಯ್ಯಬೇಕೆಂಬುದು ನನ್ನ ವಿನಂತಿ.

ಪ್ರಕೃತಿಯಲ್ಲಿ ದೇವರನ್ನು ಕಾಣುವುದು ಯಾವಾಗಲೂ ಸುಲಭವೆಂದು ನಾನು ಹೇಳಲಾರೆ. ಒಂದು ವರ್ಷ ಹೂ ಬಿಡುವ ಹೊತ್ತಿಗೆ ಸರಿಯಾಗಿ ಎಡೆಬಿಡದೆ ಮಳೆ ಸುರಿದು, ನಮ್ಮ ಗದ್ದೆಯಲ್ಲಿ ತೆನೆಗಳು ಬಹುಪಾಲು ಜೊಳ್ಳಾದವು. ದೇವರೇ ಪೋಷಿಸುವುದಾದರೆ ಇದು ಏಕೆ ಎಂದು ನಾನು ಅಪ್ಪನನ್ನು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಹಬ್ಬದ ಮಧ್ಯಾಹ್ನ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಜೊಳ್ಳನ್ನು ಊದಿ, ಉಳಿದ ಏಳೆಂಟು ಕಾಳುಗಳನ್ನು ಉಗುರಿನಿಂದ ಸುಲಿದು ಅಮ್ಮನ ಕೈಗಿತ್ತು, "ಪಾಯಸಕ್ಕೆ ಹಾಕು, ಎಲ್ಲರಿಗೂ ಬರಲಿ" ಎಂದು ಹೇಳಿ ಪ್ರಾರ್ಥನೆಗೆ ಎದ್ದು ನಿಂತರು.