ಸವೆದ ಬಣ್ಣಕ್ಕೆ ಜಾಸ್ತಿ ರೇಟು

ದಾವಣಗೆರೆಯಲ್ಲಿ ಮನೆ ಬಾಗಿಲಿಗೆ ಯಾವ ಪಾಲಿಶ್ ಹೊಡೆಸಬೇಕು ಅಂತ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ ನೋಡಿ. "ದುಡ್ಡಿದ್ರೆ ಪಿಯು ಹೊಡ್ಸ್ರಿ, ಇಲ್ಲಂದ್ರೆ ಎನ್‌ಸಿ" ಅಂತಾರೆ. ಪಿಯು (ಪಾಲಿಯುರೆಥೇನ್) ಗಟ್ಟಿ, ಎನ್‌ಸಿ ಅಗ್ಗ. ಅದೇ ಎಲೆಕ್ಟ್ರಿಕ್ ಗಿಟಾರಿಗೆ ಬಂದರೆ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ ಸವೆಯುವ ಎನ್‌ಸಿಗೇ ಮರ್ಯಾದೆ, ಅದಕ್ಕೇ ದುಡ್ಡು ಜಾಸ್ತಿ.

ಎನ್‌ಸಿ ಅಂದರೆ ನೈಟ್ರೋಸೆಲ್ಯುಲೋಸ್. ಹತ್ತಿಯನ್ನು ಆಸಿಡ್ಡಿನಲ್ಲಿ ನೆನೆಸಿ ಮಾಡುವ ಸರಕು. ಹತ್ತಿ ಗಿರಣಿಗಳಿಂದ ಹೆಸರು ಮಾಡಿದ ಊರಿನವರಾದ ನಮಗೆ ಹತ್ತಿಯಿಂದ ಪಂಚೆ ಗೊತ್ತು, ದೀಪದ ಬತ್ತಿ ಗೊತ್ತು. ಗಿಟಾರಿನ ಹೊಳಪೂ ಅದರಿಂದಲೇ ಅಂತ ಯಾರು ಹೇಳಿದ್ದರು? 1920ರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ಇದರಿಂದ ಮಾಡಿದ ಲ್ಯಾಕರ್, ಅಂದರೆ ಹೊಳಪಿನ ಲೇಪ, ಬಂತು, ಬೇಗ ಒಣಗುತ್ತದೆ ಅನ್ನೋ ಕಾರಣಕ್ಕೆ. ಗಿಟಾರಿನವರೂ ಅದನ್ನೇ ಹಿಡಿದರು. ಫೆಂಡರ್ ಕಂಪನಿಯ ಹೆಸರಾಂತ ಫಿಯೆಸ್ಟಾ ರೆಡ್ ಮೊದಲು ಫೋರ್ಡ್ ಥಂಡರ್‌ಬರ್ಡ್ ಕಾರಿನ ಬಣ್ಣ. 1960ರ ದಶಕದ ಕೊನೆಗೆ ಫೆಂಡರ್ ಪಿಯು ಥರವೇ ಗಟ್ಟಿಯಾದ, ದಪ್ಪನೆಯ ಪಾಲಿಯೆಸ್ಟರ್ ಪಾಲಿಶ್ ಕಡೆ ತಿರುಗಿತು. ಇನ್ನೊಂದು ಗಿಟಾರ್ ಕಂಪನಿ ಗಿಬ್ಸನ್ ಮಾತ್ರ ಎನ್‌ಸಿ ಬಿಡಲಿಲ್ಲ.

ನನ್ನದು ಪಾಲಿಯೆಸ್ಟರ್ ಗಿಟಾರು. ಗಣೇಶನ ಹಬ್ಬದ ರಸಮಂಜರಿಗಳಲ್ಲಿ ಬೆವರು ಸುರಿಸಿ ಬಾರಿಸಿದ್ದೇನೆ, ಬೆಣ್ಣೆದೋಸೆ ತಿಂದ ಕೈಯಲ್ಲೇ ಮುಟ್ಟಿದ್ದೇನೆ. ಒರೆಸಿದರೆ ಮತ್ತೆ ಹೊಸದು. ಒಂದು ಸಲ ಸ್ಪೀಕರ್ ಮೂಲೆಗೆ ತಗುಲಿ ಉಗುರಗಲ ಚಕ್ಕೆ ಎದ್ದಿತು. ಅಲ್ಲಿ ಒಳಗಿನ ಮರ ಕಾಣುತ್ತೆ, ಅಂಚು ಗಾಜಿನ ಚೂರಿನಷ್ಟು ಚೂಪು. ಅದಕ್ಕೆ ಏನು ಹಚ್ಚಿದರೂ ತೇಪೆ ತೇಪೆಯಾಗಿಯೇ ಉಳಿಯುತ್ತದೆ. ಒಮ್ಮೆ ಗಟ್ಟಿಯಾದ ಪಾಲಿಯೆಸ್ಟರ್ ಥಿನ್ನರಿಗೂ ಕರಗುವುದಿಲ್ಲ, ಹೊಸ ಕೋಟನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ.

ಎನ್‌ಸಿ ಹಾಗಲ್ಲ. ಥಿನ್ನರ್ ಆರಿಹೋಗಿ ಉಳಿದ ತೆಳು ಪದರ ಅಷ್ಟೇ ಅದು. ಮತ್ತೆ ಥಿನ್ನರ್ ಬಿದ್ದರೆ ಕರಗುತ್ತದೆ, ಹೊಸ ಕೋಟು ಹಳೆಯದರಲ್ಲಿ ಬೆರೆತುಹೋಗುತ್ತದೆ. ಆದರೆ ಮೊಣಕೈ ಊರುವ ಕಡೆ ಸವೆಯುತ್ತದೆ, ಬೆಲ್ಟಿನ ಬಕಲ್ ತಾಗುವ ಕಡೆ ಉದುರುತ್ತದೆ. ವರ್ಷ ಕಳೆದಂತೆ ಮೇಲಿನ ಪದರ ಹಳದಿಯಾಗಿ ಬಿಳಿ ಗಿಟಾರು ಕೆನೆಬಣ್ಣಕ್ಕೆ, ನೀಲಿಯದು ಹಸಿರಿಗೆ ತಿರುಗುತ್ತದೆ. ಚಳಿದೇಶಗಳಲ್ಲಿ ಥಂಡಿಗೆ ಮೈತುಂಬ ಕೂದಲೆಳೆಯಂಥ ಬಿರುಕು ಬೇರೆ. ನಮ್ಮಲ್ಲಿ ಆ ಭಯವಿಲ್ಲ. ಎನ್‌ಸಿ ಬಳಿದರೆ ಮರ ಉಸಿರಾಡುತ್ತೆ, ನಾದ ಬಿಚ್ಚಿಕೊಳ್ಳುತ್ತೆ ಅಂತಾರಲ್ಲ, ನಾನಂತೂ ನಂಬಿಲ್ಲ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಅಲುಗಾಟವನ್ನು ಹಿಡಿಯುವುದು ಅದರ ಕೆಳಗೆ ಕೂತ ಪಿಕಪ್ಪು, ಅಂದರೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿ, ಬಣ್ಣ ಅಲ್ಲ.

ಈ ಸವೆತಕ್ಕೂ ಗಿರಾಕಿಗಳಿದ್ದಾರೆ. 1995ರಿಂದ ಫೆಂಡರ್ ಕಂಪನಿಯ ದುಬಾರಿ ಗಿಟಾರುಗಳ ವಿಭಾಗವಾದ ಕಸ್ಟಮ್ ಶಾಪಿನವರು ಹೊಸ ಗಿಟಾರನ್ನೇ ಕೆರೆದು, ಉಜ್ಜಿ, ತುಕ್ಕು ಹಿಡಿಸಿ ರೆಲಿಕ್ (ಹಳೇ ಕಾಲದ ಉಳಿಕೆ) ಅಂತ ಮಾರುತ್ತಿದ್ದಾರೆ. ಫೋಟೋ ತೋರಿಸಿದೆ. ನಮ್ಮಮ್ಮ ಕನ್ನಡಕ ಏರಿಸಿಕೊಂಡು ನೋಡಿ, "ಪಾಪ, ಮಳೇಲಿ ಬಿಟ್ಟಿದ್ರೇನೋ" ಅಂದರು. ನಾನು ಬೆಲೆ ಹೇಳಲಿಲ್ಲ.

ನನ್ನ ತಂಗಿ ಮಗ ಬೆಂಗಳೂರಿನಿಂದ ಎನ್‌ಸಿ ಗಿಟಾರನ್ನೇ ತಂದ. ಏಪ್ರಿಲ್ ಬಿಸಿಲಲ್ಲಿ, ಶೀಟಿನ ಮನೆಯಲ್ಲಿ, ರಬ್ಬರ್ ಹಾಕಿದ ಸ್ಟ್ಯಾಂಡಿನ ಮೇಲೆ ಇಟ್ಟ. ತೆಗೆದಾಗ ಹಿಂಬದಿಯಲ್ಲಿ ಎರಡು ಕಪ್ಪು ಗುರುತು, ಮುಟ್ಟಿದರೆ ಅಂಟು ಅಂಟು. ರಬ್ಬರಿನಿಂದ ಜಿನುಗುವ ಎಣ್ಣೆಯಂಥ ಪದಾರ್ಥ ಎನ್‌ಸಿಯನ್ನು ಮೆತ್ತಗೆ ಮಾಡುತ್ತದೆ. ಪಾಲಿಯೆಸ್ಟರ್ ಅದಕ್ಕೆಲ್ಲ ಜಗ್ಗುವುದಿಲ್ಲ.

"ಮಾಮ, ಇದೂ ಒಂಥರಾ ರೆಲಿಕ್ಕೇ, ಹಿಂಗೇ ಬಿಡ್ಲಾ?" ಅಂದ.

"ಬಾರಿಸಿ ಸವೆಸಿದ್ರೆ ಬಿಡಪ್ಪ. ಸ್ಟ್ಯಾಂಡ್ ಏನು ಬಾರಿಸ್ತಾ?" ಅಂದೆ.

ಮೊನ್ನೆ ಪಿ.ಬಿ. ರೋಡಿನ ಕಡೆ ಗಾಡಿಗಳಿಗೆ ಪೇಂಟ್ ಹೊಡೆಯುವವರ ಹತ್ತಿರ ಕರೆದುಕೊಂಡು ಹೋದೆ. ಅವರು ಉಗುರಲ್ಲಿ ಕೆರೆದು, ಮೂಸಿ ನೋಡಿ, "ಎನ್‌ಸಿ ಅಲ್ವಾ, ಆಗುತ್ತೆ ಬಿಡ್ರಿ. ವಾಟರ್ ಪೇಪರ್ ಹೊಡ್ದು ಎರಡು ಕೋಟ್ ಕೊಟ್ರೆ ಗೊತ್ತೇ ಆಗಲ್ಲ" ಅಂದರು. ಆದರೆ ಆಯುಧಪೂಜೆ ಹತ್ತಿರ ಬಂದಿದೆ. ಶೆಡ್ಡಿನ ತುಂಬ ಲಾರಿ, ಟ್ರ್ಯಾಕ್ಟರು. ಗಿಟಾರಿನ ಪಾಳಿ ಅದಾದ ಮೇಲಂತೆ.