ಮೊದಲ ಸಹಿ ಯಾರದು?

ಡಿಗ್ರಿ ಎರಡನೇ ವರ್ಷ. ನಮ್ಮ ಹಾಸ್ಟೆಲ್‌ನಲ್ಲಿ ಬೆಳಿಗ್ಗೆ ಆರೂವರೆಗೆಲ್ಲ ನೀರು ನಿಂತುಹೋಗುತ್ತಿತ್ತು. ನೂರು ಚಿಲ್ಲರೆ ಹುಡುಗಿಯರು ಕೊಡ ಹಿಡಿದು ಕ್ಯೂ ನಿಲ್ಲಬೇಕು. ಎರಡು ತಿಂಗಳು ಸಹಿಸಿಕೊಂಡೆವು. ಕೊನೆಗೆ ಒಂದು ಮನವಿ ಪತ್ರ ಬರೆದೆವು. ನನ್ನ ರೂಮ್‌ಮೇಟ್‌ಳ ಅಕ್ಷರ ಚೆನ್ನಾಗಿತ್ತು ಅಂತ ಅವಳೇ ಬರೆದಳು. ಮೊದಲ ಸಹಿಯೂ ಅವಳದೇ ಆಯಿತು.

ಮಾರನೇ ದಿನ ಆಫೀಸಿಗೆ ಕರೆಸಿದ್ದು ಅವಳೊಬ್ಬಳನ್ನೇ. ನೀರಿನ ಮಾತೇ ಬರಲಿಲ್ಲ. "ಸೋಮವಾರ ನಿಮ್ಮಪ್ಪನ್ನ ಕರ್ಕೊಂಡು ಬಾ" ಅಂದರು, ಅಷ್ಟೇ. ಅವಳ ಅಪ್ಪ ಕೂಲಿ ಕೆಲಸ ಬಿಟ್ಟು, ರಾತ್ರಿ ಬಸ್ಸು ಹಿಡಿದು ಬಂದರು. ಮಗಳ ವಯಸ್ಸಿನ ಹುಡುಗಿಯರೆಲ್ಲ ನೋಡುತ್ತಿರುವಾಗ ಕೈಕಟ್ಟಿ ನಿಂತು "ಇನ್ನು ಹಂಗೆ ಮಾಡಲ್ಲ ಮೇಡಂ" ಅಂದರು. ಅದು 2010. ಆ ವರ್ಷ ಮೇ ತಿಂಗಳಲ್ಲಿ ಇದೇ ಹುಡುಗಿ ತನ್ನೂರಿನ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ವೋಟು ಹಾಕಿ ಬಂದಿದ್ದಳು. ಊರಿಗೆ ಯಾರು ನೀರು ಬಿಡಬೇಕು ಅಂತ ಆರಿಸುವ ಹಕ್ಕು ಅವಳಿಗಿತ್ತು. ಹಾಸ್ಟೆಲ್‌ನಲ್ಲಿ ನೀರು ಯಾಕೆ ಬರುತ್ತಿಲ್ಲ ಅಂತ ಕೇಳುವ ಹಕ್ಕು ಇರಲಿಲ್ಲ.

ವಿದ್ಯಾರ್ಥಿ ಸಂಘ ಅಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಅಪ್ಪನ ಮುಖ. ಈಗ ಕರ್ನಾಟಕದಲ್ಲಿ ವಿದ್ಯಾರ್ಥಿ ಚುನಾವಣೆಯನ್ನು ಮತ್ತೆ ತರಬೇಕೋ ಬೇಡವೋ ಅನ್ನುವ ಚರ್ಚೆ ಎದ್ದಿದೆ. ಬೇಕು ಅನ್ನುವವಳು ನಾನು. ಯಾಕೆ ಅಂತ ಹೇಳುತ್ತೇನೆ.

ನಮ್ಮಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳ ಸಂಘದ ಚುನಾವಣೆ ನಿಂತದ್ದು 1989ರ ಸುಮಾರಿಗೆ. ಕ್ಯಾಂಪಸ್‌ಗಳಲ್ಲಿ ಹೊಡೆದಾಟ ಜಾಸ್ತಿ ಆಯಿತು ಅನ್ನುವುದು ಕಾರಣ. ಅದೇ 1989ರ ಮಾರ್ಚ್‌ನಲ್ಲಿ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂತು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಪ್ರಧಾನಿ ಯಾರಾಗಬೇಕು ಅಂತ ತೀರ್ಮಾನಿಸುವ ಬುದ್ಧಿ ಹದಿನೆಂಟಕ್ಕೆ ಬರುತ್ತದೆ ಎಂದು ದೇಶ ಒಪ್ಪಿಕೊಂಡ ಹೊತ್ತಿನಲ್ಲೇ ನಮ್ಮ ರಾಜ್ಯದ ಕಾಲೇಜಿನ ಮಕ್ಕಳ ಕೈಯಿಂದ ಬ್ಯಾಲೆಟ್ ಹೋಯಿತು. ಮೂವತ್ತು ವರ್ಷದ ಮೇಲಾಯಿತು. ಈಗ ಡಿಗ್ರಿ ಓದುತ್ತಿರುವ ಎಷ್ಟೋ ಮಕ್ಕಳ ಅಪ್ಪ ಅಮ್ಮಂದಿರೂ ಇಂಥ ಚುನಾವಣೆ ನೋಡಿಲ್ಲ.

2012ರಲ್ಲಿ ನಾನು ಎಂಎಗೆ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯ (ಜೆಎನ್‌ಯು) ಸೇರಿದೆ. ಅಲ್ಲೂ ನಾಲ್ಕು ವರ್ಷ ಚುನಾವಣೆ ನಿಂತುಹೋಗಿ, ಆ ವರ್ಷವೇ ಮತ್ತೆ ಶುರುವಾಗಿತ್ತು. ಅಲ್ಲಿನ ಅಧ್ಯಕ್ಷೀಯ ಚರ್ಚೆ ದೊಡ್ಡ ಹೆಸರು ಮಾಡಿದೆ. ಅಭ್ಯರ್ಥಿಗಳು ರಾತ್ರಿ ಹೊತ್ತು ಸಾವಿರಾರು ಜನರ ಮುಂದೆ ನಿಂತು ಒಬ್ಬರನ್ನೊಬ್ಬರು ಪ್ರಶ್ನಿಸುತ್ತಾರೆ, ಮಧ್ಯೆ ಡಫಲಿ ವಾದ್ಯದ ಬಡಿತ, ಘೋಷಣೆ. ಚುನಾವಣೆ ನಡೆಸುವುದೂ ವಿದ್ಯಾರ್ಥಿಗಳದೇ ಚುನಾವಣಾ ಆಯೋಗ. ಇದನ್ನೆಲ್ಲ ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಆದರೆ ನನ್ನನ್ನು ಬದಲಿಸಿದ್ದು ಅದಲ್ಲ.

ಹಾಸ್ಟೆಲ್ ಮೆಸ್ಸಿನ ಜನರಲ್ ಬಾಡಿ ಮೀಟಿಂಗ್ ನನ್ನನ್ನು ಬದಲಿಸಿತು. ಜಿಬಿಎಂ ಅಂತಾರೆ. ರಾತ್ರಿ ಊಟ ಮುಗಿದ ಮೇಲೆ ಅದೇ ಟೇಬಲ್‌ಗಳ ಸುತ್ತ ಕೂರುವುದು. ಮೆಸ್ ಸೆಕ್ರೆಟರಿಯನ್ನು ಆರಿಸುವುದು ಹಾಸ್ಟೆಲ್‌ನವರೇ. ಆ ತಿಂಗಳು ಬಿಲ್ ಏರಿತ್ತು. ಬಿಹಾರದ ಒಬ್ಬ ಹುಡುಗಿ ಎದ್ದು "ಎಣ್ಣೆ ಇಷ್ಟೊಂದು ಯಾಕೆ?" ಅಂತ ಕೇಳಿದಳು. ಮೆಸ್ ಸೆಕ್ರೆಟರಿ ರಿಜಿಸ್ಟರ್ ತೆಗೆದು ಸಾಲು ಸಾಲಾಗಿ ಓದಿ ಹೇಳಿದಳು. ಒಂದು ಕಡೆ ಲೆಕ್ಕ ತಾಳೆಯಾಗಲಿಲ್ಲ. "ನನ್ನ ತಪ್ಪು, ನಾಳೆ ಸಂಜೆಯೊಳಗೆ ನೋಡಿ ಹೇಳ್ತೀನಿ" ಅಂದಳು. ಯಾರ ಅಪ್ಪನೂ ಬರಬೇಕಾಗಲಿಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪ್ರಶ್ನೆ ಕೇಳಿಯೂ ಏನೂ ಆಗದೆ ಇರಬಹುದು ಅಂತ ನನಗೆ ಗೊತ್ತೇ ಇರಲಿಲ್ಲ.

ಮುಂದಿನ ಜಿಬಿಎಂನಲ್ಲಿ ನಾನೂ ಒಂದು ಪ್ರಸ್ತಾಪ ಇಟ್ಟೆ. ವಾರದಲ್ಲಿ ಎರಡು ದಿನ ರಾತ್ರಿ ಅನ್ನ ಸಾರು ಇರಲಿ ಅಂತ. ಚರ್ಚೆ ಆಯಿತು, ಕೈ ಎತ್ತಿಸಿದರು, ಸೋತೆ. ಬೇಜಾರಾಯಿತು. ಆದರೆ ನನ್ನ ವಿರುದ್ಧ ಕೈ ಎತ್ತಿದವರ ಜೊತೆಯೇ ಮಾರನೇ ದಿನ ಕೂತು ರೊಟ್ಟಿ ತಿಂದೆ. ಸೋಲುವುದು, ಸೋತ ಮೇಲೆ ಜೊತೆಗಿರುವುದು, ಮುಂದಿನ ಸಲಕ್ಕೆ ನಾಲ್ಕು ಜನರನ್ನು ಒಪ್ಪಿಸುವುದು. ಇದನ್ನು ಯಾವ ಪೊಲಿಟಿಕಲ್ ಸೈನ್ಸ್ ಪೇಪರೂ ನನಗೆ ಕಲಿಸಿರಲಿಲ್ಲ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತು. ಲೈಂಗಿಕ ಕಿರುಕುಳದ ದೂರು ಕೇಳಲು ಜೆಎನ್‌ಯುನಲ್ಲಿ 1999ರಿಂದ ಜಿಎಸ್‌ಕ್ಯಾಶ್ ಎಂಬ ಸಮಿತಿ ಇತ್ತು. ಅದರಲ್ಲಿ ವಿದ್ಯಾರ್ಥಿಗಳೇ ವೋಟು ಹಾಕಿ ಆರಿಸಿದ ಪ್ರತಿನಿಧಿಗಳಿದ್ದರು. ದೂರು ಕೊಡಲು ಹೋಗುವ ಹುಡುಗಿಗೆ ಒಳಗೆ ತನ್ನವರು ಒಬ್ಬರಾದರೂ ಇದ್ದಾರೆ ಅನ್ನುವುದು ಎಷ್ಟು ದೊಡ್ಡ ಧೈರ್ಯ ಅಂತ ಹೋದವರಿಗೆ ಗೊತ್ತು. 2017ರಲ್ಲಿ ವಿಶ್ವವಿದ್ಯಾಲಯ ಅದನ್ನು ತೆಗೆದು ಬೇರೆ ಸಮಿತಿ ಮಾಡಿತು. ಆ ಧೈರ್ಯವೂ ಜೊತೆಗೆ ಹೋಯಿತು ಅಂತ ನನಗೆ ಇವತ್ತಿಗೂ ನೋವಿದೆ.

ಸಂಘ ಇದ್ದರೆ ಎಲ್ಲ ಗೆಲ್ಲುತ್ತೇವೆ ಅಂತಲ್ಲ. 2019ರಲ್ಲಿ ಅಲ್ಲಿ ಹಾಸ್ಟೆಲ್‌ನ ಒಬ್ಬರ ಕೋಣೆ ಬಾಡಿಗೆಯನ್ನು ತಿಂಗಳಿಗೆ 20 ರೂಪಾಯಿಯಿಂದ 600ಕ್ಕೆ ಏರಿಸಿದರು. ವಿದ್ಯಾರ್ಥಿಗಳು ಬೀದಿಗಿಳಿದರು. ಬಡತನ ರೇಖೆಗಿಂತ ಕೆಳಗಿನವರಿಗೆ ಅರ್ಧ ಕಡಿಮೆ ಆಯಿತು, ಪೂರ್ತಿ ವಾಪಸಾಗಲಿಲ್ಲ. ಆದರೆ ಆ ಅರ್ಧವೂ ಸುಮ್ನೆ ಸಿಕ್ಕಿದ್ದಲ್ಲ.

ಈಗ ವಿರೋಧದ ಮಾತಿಗೆ ಬರೋಣ. ಗಲಾಟೆ ಆಗುತ್ತೆ, ಜಾತಿ ಬರುತ್ತೆ, ದುಡ್ಡು ಹರಿಯುತ್ತೆ, ಪಕ್ಷಗಳು ಒಳಗೆ ನುಗ್ಗುತ್ತವೆ. ಈ ಭಯ ಸುಳ್ಳಲ್ಲ. ಮಗನನ್ನು ಓದಲು ಕಳಿಸಿದ ತಾಯಿಗೆ ಈ ಭಯ ಇರಲೇಬೇಕು. 2006ರ ಲಿಂಗ್ಡೋ ಸಮಿತಿ ಇದಕ್ಕೆಂದೇ ನಿಯಮ ಮಾಡಿತು. ಸುಪ್ರೀಂ ಕೋರ್ಟ್ ಜಾರಿ ಮಾಡಿ ಅಂತ ಹೇಳಿತು. ಅಭ್ಯರ್ಥಿ 5,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. ಹಾಜರಾತಿ 75 ಶೇಕಡಾ ಇರಬೇಕು. ಪ್ರಿಂಟ್ ಮಾಡಿಸಿದ ಪೋಸ್ಟರ್ ಇಲ್ಲ, ಕೈಯಲ್ಲಿ ಬರೆದದ್ದಷ್ಟೇ. ಆದರೂ ದೆಹಲಿ ವಿಶ್ವವಿದ್ಯಾಲಯದಲ್ಲಿ 2024ರಲ್ಲಿ ಎಷ್ಟು ಗೋಡೆ ಹಾಳಾಯಿತು ಅಂದರೆ, ಗೋಡೆ ಸ್ವಚ್ಛ ಆಗುವ ತನಕ ಮತ ಎಣಿಸಬೇಡಿ ಅಂತ ಹೈಕೋರ್ಟೇ ತಡೆಯಿತು. ಎಣಿಕೆ ಸುಮಾರು ಎರಡು ತಿಂಗಳು ಮುಂದಕ್ಕೆ ಹೋಯಿತು. ಅಂಥ ಚುನಾವಣೆ ನನಗೂ ಬೇಡ.

ಆದರೆ ಒಂದು ಕೇಳುತ್ತೇನೆ. ಚುನಾವಣೆ ನಿಲ್ಲಿಸಿದ್ದರಿಂದ ಪಕ್ಷಗಳು ಕ್ಯಾಂಪಸ್‌ನಿಂದ ಹೋದವಾ? ಎಬಿವಿಪಿ ಇದೆ, ಎನ್‌ಎಸ್‌ಯುಐ ಇದೆ, ಎಸ್‌ಎಫ್‌ಐ, ಎಐಡಿಎಸ್‌ಒ, ಹೀಗೆ ಪಕ್ಷಗಳ ನಂಟಿರುವ ವಿದ್ಯಾರ್ಥಿ ಸಂಘಟನೆಗಳೆಲ್ಲ ಇವೆ. ಪ್ರತಿಭಟನೆ, ಬಂದ್, ಧರಣಿ ನಡೆಯುತ್ತಲೇ ಇವೆ. ಹೋದದ್ದು ವೋಟು ಮಾತ್ರ. ಯಾರಿಗೆ ಎಷ್ಟು ಬೆಂಬಲ ಇದೆ ಅಂತ ಯಾರೂ ಎಣಿಸುವಂತಿಲ್ಲ. ಯಾರು ಜೋರಾಗಿ ಕೂಗುತ್ತಾರೋ ಅವರೇ ವಿದ್ಯಾರ್ಥಿಗಳ ದನಿ ಆಗಿಬಿಡುತ್ತಾರೆ. ಯಾವ ಮೆರವಣಿಗೆಗೂ ಹೋಗದೆ, ಸಂಜೆ ಐದರ ಬಸ್ಸಿಗೆ ಓಡುವ ಹುಡುಗಿ ಇದ್ದಾಳಲ್ಲ, ಅವಳ ಹತ್ತಿರ ಬಂದು "ನಿಂಗೇನು ಬೇಕಮ್ಮಾ?" ಅಂತ ಕೇಳುವ ಅಗತ್ಯ ಯಾರಿಗೂ ಇಲ್ಲ. ವೋಟಿದ್ದರೆ ಕೇಳಲೇಬೇಕು.

ಸಮಿತಿಗಳಿವೆಯಲ್ಲ ಅನ್ನುತ್ತಾರೆ. ಯುಜಿಸಿಯ 2023ರ ನಿಯಮದಲ್ಲಿ ಕುಂದುಕೊರತೆ ಸಮಿತಿಗೆ ಒಬ್ಬ ವಿದ್ಯಾರ್ಥಿ ಇರುತ್ತಾನೆ, ನಿಜ. ಆದರೆ ಓದು, ಆಟ, ಸಾಂಸ್ಕೃತಿಕ ಚಟುವಟಿಕೆ ನೋಡಿ ಅವನನ್ನು ನಾಮನಿರ್ದೇಶನ ಮಾಡುವುದು ಸಂಸ್ಥೆಯೇ. ಅದೂ ವಿಶೇಷ ಆಹ್ವಾನಿತನಾಗಿ. ಮೇಲಿನವರು ಆರಿಸಿದ ಹುಡುಗ ಮೇಲಿನವರನ್ನು ಹೇಗೆ ಪ್ರಶ್ನಿಸುತ್ತಾನೆ? ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲೇ ಇರುತ್ತದೆ ಅಲ್ವಾ?

ನನ್ನ ಕೇಳಿದರೆ ಹಾಸ್ಟೆಲ್‌ನಿಂದ, ವಿಭಾಗದಿಂದ ಶುರು ಮಾಡಿ. ಮೆಸ್ಸಿನ ಲೆಕ್ಕ ನೋಡುವವರನ್ನು, ಲೈಬ್ರರಿ ಸಮಯದ ಬಗ್ಗೆ ಮಾತಾಡುವವರನ್ನು ಮಕ್ಕಳೇ ಆರಿಸಲಿ. ಹೊರಗಿನ ದುಡ್ಡು ಒಂದು ಪೈಸೆ ಬೇಡ. ಎರಡು ಮೂರು ವರ್ಷ ಇದು ನಡೆದ ಮೇಲೆ ವಿಶ್ವವಿದ್ಯಾಲಯ ಮಟ್ಟಕ್ಕೆ ಹೋಗಲಿ. ಲೆಕ್ಕ ಕೇಳಿ ಅಭ್ಯಾಸ ಆದವರು ಬಿರಿಯಾನಿಗೆ ಅಷ್ಟು ಸುಲಭವಾಗಿ ವೋಟು ಹಾಕುವುದಿಲ್ಲ ಅಂತ ನನ್ನ ನಂಬಿಕೆ.

ಇದನ್ನೆಲ್ಲ ಬರೆಯಲು ಕಾರಣ ಹೋದ ವಾರ ಬಂದ ಒಂದು ವಾಟ್ಸಾಪ್ ಫೋಟೋ. ಈ ವರ್ಷ ಡಿಗ್ರಿ ಸೇರಿರುವ ಅಕ್ಕನ ಮಗಳು ಕಳಿಸಿದ್ದು. ಅವರ ಹಾಸ್ಟೆಲ್‌ನಲ್ಲೂ ನೀರಿನ ತೊಂದರೆಯಂತೆ. "ಚಿಕ್ಕಮ್ಮಾ, ಲೆಟರ್ ಸರಿ ಇದೆಯಾ ನೋಡಿ" ಅಂತ ಕೇಳಿದ್ದಳು. ಪತ್ರ ಸರಿಯಾಗೇ ಇತ್ತು. ಸಹಿಗಳು ಮಾತ್ರ ಸಾಲಾಗಿರಲಿಲ್ಲ. ಹಾಳೆಯ ಕೆಳಗೆ ಒಂದು ದೊಡ್ಡ ಸೊನ್ನೆ ಬರೆದು, ಅದರ ಸುತ್ತ ಮೂವತ್ತು ನಲವತ್ತು ಹೆಸರು ಹಾಕಿದ್ದರು. ಯಾಕೆ ಹೀಗೆ ಅಂತ ಕೇಳಿದೆ.

"ಯಾರು ಫಸ್ಟ್ ಸೈನ್ ಹಾಕಿದ್ದು ಅಂತ ಗೊತ್ತಾಗಬಾರದು ಚಿಕ್ಕಮ್ಮಾ" ಅಂದಳು.