18 ಇಂಚಂತೆ, 4 ಇಂಚಂತೆ, ಅಂತೆ ಕಂತೆಗಳ ಸಂತೆ

ಬುಧವಾರ ರಾತ್ರಿ ಹತ್ತೂವರೆ. ನಾಳೆ ಎಷ್ಟು ಸ್ನೋ ಬೀಳುತ್ತದೆ ಅಂತ ಹವಾಮಾನದವರಿಗೇ ಇನ್ನೂ ಗಟ್ಟಿಯಾಗಿ ಗೊತ್ತಿಲ್ಲ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಎಲ್ಲರಿಗೂ ಗೊತ್ತು.

ಶುರುವಾಗಿದ್ದು ಹೋದ ವಾರಕ್ಕೂ ಹಿಂದಿನ ಭಾನುವಾರ. ದೀಪಾವಳಿಯ ಹಣತೆಗಳನ್ನು ನಾನಿನ್ನೂ ಎತ್ತಿಟ್ಟಿರಲಿಲ್ಲ. ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಅನ್ನುವ ಊರಿನ ನಮ್ಮ ಬೀದಿಯ ಮರಗಳಲ್ಲಿ ಅರ್ಧಕ್ಕರ್ಧ ಎಲೆ ಹಾಗೇ ಇತ್ತು. ಅಂಥದ್ದರಲ್ಲಿ ಒಬ್ಬರು ಬೆಳಿಗ್ಗೆ ಆರು ಗಂಟೆಗೇ ಒಂದು ಮ್ಯಾಪ್ ಹಾಕಿದರು. ನ್ಯೂಜೆರ್ಸಿ ಪೂರ್ತಿ ನೇರಳೆ ಬಣ್ಣ, ನಮ್ಮೂರಿನ ನೆತ್ತಿ ಮೇಲೆ 18. ಕೆಳಗೆ "ರೆಡಿಯಾಗಿ ಫ್ರೆಂಡ್ಸ್, ಹಾಲು ಬ್ರೆಡ್ ತಂದಿಟ್ಕೊಳ್ಳಿ" ಅಂತ ಉಪದೇಶ.

ಹದಿನೆಂಟು ಇಂಚು! ನವೆಂಬರಿನಲ್ಲಿ!

ಆ ವಾರಾಂತ್ಯ ಇಂಡಿಯನ್ ಅಂಗಡಿಗೆ ಹೋದರೆ ಜಾತ್ರೆ. ಜನ 20 ಪೌಂಡಿನ ಸೋನಾ ಮಸೂರಿ ಮೂಟೆ ಎರಡೆರಡು ಹೊತ್ತುಕೊಂಡು ಹೋಗುತ್ತಿದ್ದಾರೆ. ಎಷ್ಟು ದಿನದ ಅಜ್ಞಾತವಾಸಕ್ಕೆ ಹೊರಟಿದ್ದಾರೋ. ನನಗೆ ಬೇಕಿದ್ದದ್ದು ಒಂದು ಕಟ್ಟು ಕೊತ್ತಂಬರಿ ಸೊಪ್ಪು. ಅದೂ ಸಿಗಲಿಲ್ಲ.

ಆ 18 ಎಲ್ಲಿಂದ ಬಂತು ಅಂತ ಹುಡುಕಿದೆ. ಅಮೆರಿಕದ ಜಿಎಫ್‌ಎಸ್ ಅನ್ನುವ ಮಾಡೆಲ್, ಅಂದರೆ ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮ್, ಮುಂದಿನ 384 ಗಂಟೆಗಳ, ಅಂದರೆ 16 ದಿನಗಳ ಲೆಕ್ಕ ಹಾಕುತ್ತದೆ. ದಿನಕ್ಕೆ ನಾಲ್ಕು ಸಲ ಓಡುತ್ತದೆ. ಮೂರು ದಿನದ ಮಟ್ಟಿಗೆ ಅದರ ಮಾತಿಗೆ ತೂಕ ಇದೆ. ಹನ್ನೊಂದು ದಿನ ಆಚೆ ಅದು ನಮ್ಮೂರಿಗೆ ಇಷ್ಟೇ ಇಂಚು ಅಂದರೆ ಅದನ್ನು ಕಣಿ ಅನ್ನಬೇಕು, ಮುನ್ಸೂಚನೆ ಅನ್ನಬಾರದು. ಬೆಳಗಿನ ಓಟದಲ್ಲಿ ಬಿರುಗಾಳಿ ತೋರಿಸುತ್ತದೆ, ಮಧ್ಯಾಹ್ನದ ಓಟದಲ್ಲಿ ಅದೇ ಬಿರುಗಾಳಿ ಸಮುದ್ರದ ಪಾಲು. ಆದರೆ ಬಿಸಿಲು ತೋರಿಸಿದ ಮ್ಯಾಪ್ ಯಾರು ಹಾಕುತ್ತಾರೆ? ನಾಲ್ಕರಲ್ಲಿ ನೇರಳೆ ಬಂದದ್ದನ್ನೇ ಆರಿಸಿ ಹಾಕುತ್ತಾರೆ. ಅದಕ್ಕೇ ಅಲ್ವಾ ಲೈಕು.

ಆಮೇಲೆ ಸಂತೆ ಶುರು. ಮಂಗಳವಾರ 4 ಅಂತೆ. ಶುಕ್ರವಾರ 9 ಅಂತೆ. ಭಾನುವಾರ ಸ್ನೋನೇ ಇಲ್ಲ, ಬರೀ ಮಳೆಯಂತೆ. ನಿನ್ನೆ ಮತ್ತೆ 6. ಇಷ್ಟು ಹೊತ್ತಿಗೆ ನಮ್ಮ ಬೀದಿಯಲ್ಲಿ ಅರ್ಧ ಜನಕ್ಕೆ ಕೇಳಿ ಕೇಳಿ ಕಿವಿ ಮರಗಟ್ಟಿದೆ. "ಅಯ್ಯೋ, ಬಿಡಿ, ಇವರದ್ದು ಇದೇ ಕಥೆ" ಅಂತ ಪಕ್ಕದ ಮನೆಯವರು ಇವತ್ತು ಸಂಜೆ ಕಾರನ್ನು ಬೀದಿಯಲ್ಲೇ ನಿಲ್ಲಿಸಿ ಒಳಗೆ ಹೋದರು. ರಸ್ತೆಯ ಸ್ನೋ ಬದಿಗೆ ತಳ್ಳುವ ಪ್ಲೋ ಗಾಡಿ ಬಂದರೆ ಆ ಕಾರು ಬೆಳಿಗ್ಗೆ ಸ್ನೋ ಗುಡ್ಡದೊಳಗೆ.

ನನ್ನ ಹೊಟ್ಟೆ ಉರಿಯುವುದು ಇಲ್ಲಿಗೇ. ಯಾಕೆ ಅಂದರೆ ಕಿವಿ ಮರಗಟ್ಟಿದವರ ಗತಿ ಏನಾಗುತ್ತದೆ ಅಂತ ನಾನು ಅನುಭವಿಸಿದ್ದೇನೆ.

2018ರ ನವೆಂಬರ್ 15, ಗುರುವಾರ. ಆ ತಾರೀಖು ನನಗೆ ಮಗನ ಹುಟ್ಟುಹಬ್ಬದಷ್ಟೇ ನೆನಪಿದೆ. ನಮ್ಮ ಕಡೆಗೆ ಹೇಳಿದ್ದು ಒಂದೆರಡು ಇಂಚು, ಆಮೇಲೆ ಮಳೆ ಬಂದು ತೊಳೆದುಕೊಂಡು ಹೋಗುತ್ತದೆ ಅಂತ. ಸರಿ, ನಾನು ಪಾರ್ಸಿಪನಿಯ ಆಫೀಸಿಗೆ ಹೋದೆ. ಮಧ್ಯಾಹ್ನ ಒಂದು ಗಂಟೆಗೆ ಕಿಟಕಿಯಾಚೆ ಪಾರ್ಕಿಂಗ್ ಗೆರೆಗಳು ಕಾಣುತ್ತಿರಲಿಲ್ಲ. ಹೊರಡುತ್ತೇನೆ ಅಂದೆ. ನಮ್ಮ ಮ್ಯಾನೇಜರ್ ಫೋನ್ ತೆಗೆದು ತೋರಿಸಿದರು. "ನೋಡಿ, ಒಂದೇ ಇಂಚು. ಮೂರು ಗಂಟೆ ಕಾಲ್ ಮುಗಿಸಿಕೊಂಡು ಹೊರಡಿ." ಕಿಟಕಿ ಅಲ್ಲೇ ಇದೆ, ಕಣ್ಣು ಮಾತ್ರ ಫೋನಿನ ಮೇಲೆ.

ಮೂರೂವರೆಗೆ ಹೊರಟೆ. 287 ಹೆದ್ದಾರಿಯಲ್ಲಿ 30 ಮೈಲಿ ದಾರಿ, ದಿನಾ ಮುಕ್ಕಾಲು ಗಂಟೆ. ಅವತ್ತು ಮನೆ ಮುಟ್ಟಿದ್ದು ರಾತ್ರಿ ಹನ್ನೊಂದೂಕಾಲಕ್ಕೆ.

ಎಲ್ಲೋ ಮುಂದೆ ಒಂದು ಟ್ರಕ್ ಅಡ್ಡ ತಿರುಗಿ ನಿಂತಿತ್ತು. ಉಪ್ಪು ಹಾಕುವ ಗಾಡಿ, ಪ್ಲೋ ಗಾಡಿ ಎಲ್ಲ ನಮ್ಮ ಹಿಂದೆ ಸಿಕ್ಕಿಹಾಕಿಕೊಂಡಿವೆ. ನಾವು ಸರಿದರೆ ಅವು ಬರಬೇಕು, ಅವು ಬಂದರೆ ನಾವು ಸರಿಯಬೇಕು. ಪೆಟ್ರೋಲ್ ಉಳಿಸಲು ಹತ್ತು ನಿಮಿಷ ಎಂಜಿನ್ ಆಫ್, ಐದು ನಿಮಿಷ ಆನ್. ಗಾಜಿನ ಒಳಗಡೆಯೇ ನನ್ನ ಉಸಿರು ಮಂಜುಗಟ್ಟಿ ಕೂತಿತ್ತು, ಹಳೆಯ ಟೋಲ್ ರಸೀದಿಯಿಂದ ಕೆರೆದೆ. ಡಬ್ಬಿಯಲ್ಲಿ ಮಿಕ್ಕಿದ್ದು ಒಂದೂವರೆ ಚಪಾತಿ ಮತ್ತು ನಿಂಬೆಕಾಯಿ ಉಪ್ಪಿನಕಾಯಿ. ಚಪಾತಿಯನ್ನು ನಾಲ್ಕು ಭಾಗ ಮಾಡಿ ಗಂಟೆಗೊಂದರಂತೆ ತಿಂದೆ. ಆರನೇ ಗಂಟೆಯಲ್ಲಿ ಏನಾಯಿತು ಅಂತ ಬರೆಯುವುದಿಲ್ಲ. ಅವತ್ತಿನಿಂದ ಆಫೀಸ್ ಬಿಡುವ ಮುಂಚೆ ನಾನು ಕಾಫಿ ಕುಡಿಯುವುದಿಲ್ಲ, ಅಷ್ಟು ತಿಳಿದುಕೊಳ್ಳಿ.

ಮಗನಿಗೆ ಆಗ ಏಳು ವರ್ಷ. ಶಾಲೆಯ ಬಸ್ ಎಲ್ಲಿದೆ ಅಂತ ಶಾಲೆಯವರಿಗೂ ಗೊತ್ತಿಲ್ಲ. ನಮ್ಮೆಜಮಾನ್ರು ನ್ಯೂಯಾರ್ಕಿನ ಪೋರ್ಟ್ ಅಥಾರಿಟಿ ಬಸ್ ಸ್ಟ್ಯಾಂಡಿನ ಹೊರಗೆ. ಒಳಗೆ ಕಾಲಿಡಲು ಜಾಗವಿಲ್ಲದೆ ಬಾಗಿಲು ಹಾಕಿದ್ದರಂತೆ. ಫೋನಿನಲ್ಲಿ 11 ಪರ್ಸೆಂಟ್ ಉಳಿದಿದ್ದಾಗ ಎದುರು ಮನೆಯ ಗುಜರಾತಿ ಆಂಟಿ ಫೋನ್ ಮಾಡಿದರು. ಹುಡುಗ ಬಂದ, ಖಿಚಡಿ ತಿನ್ನುತ್ತಿದ್ದಾನೆ, ನೀನು ನಿಧಾನಕ್ಕೆ ಬಾ ಅಂದರು. ಆ ಟ್ರಾಫಿಕ್ಕಿನಲ್ಲಿ ಕೂತು ಗೊಳೋ ಅಂತ ಅತ್ತೆ. ನನ್ನ ಮಗ ಪುಣ್ಯವಂತ. ಕೆಲವು ಊರುಗಳಲ್ಲಿ ಮಕ್ಕಳು ಆ ರಾತ್ರಿ ಶಾಲೆಯಲ್ಲೇ ಮಲಗಿದರು.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಅವತ್ತು ಅಳೆದದ್ದು 6.4 ಇಂಚು. ನವೆಂಬರಿನಲ್ಲಿ ಒಂದೇ ದಿನ ಅಷ್ಟು ಬಿದ್ದದ್ದು 1882ರ ನಂತರ ಅದೇ ಮೊದಲು. ಅದಾದ ಮೇಲೆ ನಿಜವಾಗಿಯೂ ಮಳೆ ಬಂತು ನೋಡಿ, ಹೇಳಿದ ಹಾಗೆಯೇ. ಬೆಚ್ಚನೆ ಗಾಳಿ ಬರುವುದು ಸ್ವಲ್ಪ ತಡವಾಯಿತು, ಅಷ್ಟರೊಳಗೆ ಸುರಿಯುವುದು ಸುರಿದಾಗಿತ್ತು. ಕೆಲವೇ ಗಂಟೆಗಳ ತಪ್ಪು. ಆ ಕೆಲವು ಗಂಟೆ ನಾವೆಲ್ಲ ರಸ್ತೆಯಲ್ಲಿದ್ದೆವು.

ಆಗ ಹವಾಮಾನದವರಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೆ. ಈಗ ಅಷ್ಟು ಬೈಯುವುದಿಲ್ಲ. ಜನವರಿಯ ಸ್ನೋ ಬೇರೆ, ನವೆಂಬರಿನದ್ದು ಬೇರೆ. ಈಗ ಅಟ್ಲಾಂಟಿಕ್ ಇನ್ನೂ ಬೆಚ್ಚಗಿದೆ. ಗಾಳಿ ಸ್ವಲ್ಪ ತಿರುಗಿ ಸಮುದ್ರದ ಕಡೆಯಿಂದ ಬೀಸಿದರೆ ಸ್ನೋ ಹೋಗಿ ಮಳೆ. ಒಂದು ಇಂಚು ಮಳೆ ನೀರು ಸುಮಾರು ಹತ್ತು ಇಂಚು ಸ್ನೋ ಆಗುತ್ತದೆ ಅನ್ನುವುದು ಒಂದು ಅಂದಾಜು. ಒದ್ದೆ ಸ್ನೋ ಆದರೆ ಐದೇ ಆಗಬಹುದು. ಅಂದರೆ ಬೀಳುವ ನೀರು ಎಷ್ಟು ಅಂತ ಸರಿಯಾಗಿ ಹೇಳಿದರೂ, ಮೇಲಿನ ಗಾಳಿ ಒಂದು ಡಿಗ್ರಿ ಆಚೀಚೆ ಆದರೆ ಇಂಚಿನ ಲೆಕ್ಕ ತಲೆಕೆಳಗು. ಸ್ನೋ ಮುಗಿದು ಮಳೆ ಶುರುವಾಗುವ ಗೆರೆ ಎಡಿಸನ್ ಮೇಲೆ ಬೀಳುತ್ತದೋ, ಇಪ್ಪತ್ತು ಮೈಲಿ ಆಚೆಗೋ, ಹತ್ತು ದಿನ ಮೊದಲು ಹೇಳಲು ಯಾರಪ್ಪನಿಂದಲೂ ಆಗುವುದಿಲ್ಲ.

ಬಿದ್ದರೆ ಮಾತ್ರ ನಾಲ್ಕು ಇಂಚೇ ಸಾಕು. 2011ರ ಅಕ್ಟೋಬರ್ 29ರಂದು, ಹ್ಯಾಲೋವೀನ್‌ಗೆ ಎರಡು ದಿನ ಮುಂಚೆ ಬಿದ್ದದ್ದನ್ನು ಇಲ್ಲಿನ ಹಳಬರು ಇನ್ನೂ ಹೇಳುತ್ತಾರೆ. ಮರದ ತುಂಬ ಎಲೆ, ಎಲೆ ಮೇಲೆ ಒದ್ದೆ ಸ್ನೋ, ಕೊಂಬೆಗಳು ಲಟಲಟ ಅಂತ ತಂತಿ ಮೇಲೆ ಬಿದ್ದವು. ಈ ಈಶಾನ್ಯ ರಾಜ್ಯಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ಕನೆಕ್ಟಿಕಟ್‌ನಲ್ಲಿ ಕೆಲವರು ವಾರಕ್ಕೂ ಜಾಸ್ತಿ ಕತ್ತಲೆಯಲ್ಲಿದ್ದರು.

ಹವಾಮಾನದವರೇನೂ ಒಂದೇ ನಂಬರ್ ಕೊಟ್ಟು ಕೈ ತೊಳೆದುಕೊಳ್ಳುವುದಿಲ್ಲ. ಯೂರೋಪಿನ ಮಾಡೆಲ್ ಶುರುವಿನ ಲೆಕ್ಕವನ್ನು ಚೂರು ಚೂರು ಬದಲಿಸಿ 51 ಸಲ ಓಡಿಸಿ ನೋಡುತ್ತದೆ. ಸರ್ಕಾರಿ ಹವಾಮಾನ ಇಲಾಖೆಯ ಪುಟದಲ್ಲಿ ಕಡಿಮೆ ಅಂದರೆ ಇಷ್ಟು, ಜಾಸ್ತಿ ಅಂದರೆ ಇಷ್ಟು ಅಂತ ಬೇರೆ ಬೇರೆ ಮ್ಯಾಪ್ ಇರುತ್ತದೆ. ನಮ್ಮ ಫೋನು ಅದನ್ನೆಲ್ಲ ಹಿಂಡಿ ಹಿಪ್ಪೆ ಮಾಡಿ, ಒಂದು ನಂಬರ್, ಪಕ್ಕದಲ್ಲೊಂದು ಮುದ್ದಾದ ಹಿಮದ ಹೂವು ತೋರಿಸುತ್ತದೆ. ಆ ಹೂವನ್ನು ನೋಡಿ ಮ್ಯಾನೇಜರ್ ತೀರ್ಮಾನ ಮಾಡುತ್ತಾರೆ.

ಮೊನ್ನೆ ಟೀಮ್ ಮೀಟಿಂಗಿನಲ್ಲಿ, ಗುರುವಾರ ಮನೆಯಿಂದ ಕೆಲಸ ಮಾಡಲಾ ಅಂತ ಕೇಳಿದೆ. ಈಗಿನದು ಬೇರೆ ಕಂಪನಿ, ಬೇರೆ ಮ್ಯಾನೇಜರ್, ಪ್ರಶ್ನೆ ಮಾತ್ರ ಅದೇ. "ಎಷ್ಟು ಬೀಳುತ್ತದೆ?" ಎರಡರಿಂದ ಏಳು ಅಂತಿದ್ದಾರೆ ಅಂದೆ. "ಎರಡೋ ಏಳೋ ಅದು ಹೇಳಿ." ನಾನೇನು ಮೋಡದ ಮೇಲೆ ಕೂತಿದ್ದೇನಾ?

ತೀರ್ಥಹಳ್ಳಿಯಲ್ಲಿ ಅಮ್ಮನಿಗೂ ಈಗ ಇದೇ ತಲೆಬಿಸಿ. ಅಡಿಕೆ ಕೊಯ್ಲು. ಬೇಯಿಸಿದ ಅಡಿಕೆ ಅಂಗಳದಲ್ಲಿ ಹರಡಿದೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಟಿವಿಯಲ್ಲಿ ಬಂದರೆ ಎದೆ ಡವಡವ. ನಿನ್ನೆ ಫೋನಿನಲ್ಲಿ ಕೇಳಿದೆ, ಮಳೆ ಬರತ್ತೇನಮ್ಮಾ ಅಂತ. "ಬಂದ್ರೂ ಬಂತು, ಬರದೆ ಇದ್ರೂ ಇಲ್ಲ. ಟಾರ್ಪಾಲು ಜಗಲಿ ಮೇಲೇ ಇಟ್ಕೊಂಡಿದೀನಿ" ಅಂದರು. ಏಳನೇ ಕ್ಲಾಸು ಓದಿದವರು. ಎಂಬಿಎ ಮಾಡಿದವರಿಗೆ ಇಷ್ಟು ಹೊಳೆಯುವುದಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ. 2015ರ ಜನವರಿಯಲ್ಲಿ ಎರಡು ಮೂರು ಅಡಿ ಬೀಳುತ್ತದೆ ಅಂತ ನ್ಯೂಯಾರ್ಕ್ ಸಬ್‌ವೇಯನ್ನೇ ನಿಲ್ಲಿಸಿದ್ದರು. ಕೊನೆಗೆ ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದದ್ದು 9.8 ಇಂಚು. ಆಗ ನ್ಯೂಜೆರ್ಸಿಯ ಒಬ್ಬ ಸರ್ಕಾರಿ ಹವಾಮಾನ ಅಧಿಕಾರಿ ಟ್ವಿಟರ್‌ನಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳಿದರು. ನಮ್ಮ ಗ್ರೂಪಿನ 18 ಇಂಚಿನ ಮಹಾನುಭಾವರು? ಒಂದು ಸಾರಿ ಇಲ್ಲ, ಗೀರಿ ಇಲ್ಲ. ಇವತ್ತು ಸಂಜೆ ಥ್ಯಾಂಕ್ಸ್‌ಗಿವಿಂಗ್ ವಾರದ ಮ್ಯಾಪ್ ಹಾಕಿದ್ದಾರೆ. ಮತ್ತೆ ನೇರಳೆ.

ಈಗ ಹನ್ನೊಂದು ದಾಟಿತು. ಮುನ್ಸೂಚನೆ ಇನ್ನೂ ಎರಡರಿಂದ ಏಳು, ಬೆಳಿಗ್ಗೆ ಹತ್ತರ ನಂತರ ಜೋರು. ರಜೆಯೋ ಇಲ್ಲವೋ ಅಂತ ಶಾಲೆಯ ಫೋನ್ ಬರುವುದು ಬೆಳಿಗ್ಗೆ ಐದೂವರೆಗೆ. ಮ್ಯಾನೇಜರ್ ಮೆಸೇಜ್ ಬಂದಿದೆ, ಆಫೀಸ್ ತೆರೆದಿರುತ್ತದಂತೆ, "ಯೂಸ್ ಯುವರ್ ಜಡ್ಜ್‌ಮೆಂಟ್" ಅಂತೆ. ಗ್ಯಾರೇಜಿನಲ್ಲಿ ಶವೆಲ್ ಹುಡುಕಿದೆ, ಬೇಸಿಗೆಯ ಕುರ್ಚಿಗಳ ಹಿಂದೆ ಬಿದ್ದಿತ್ತು. ತಂದು ಬಾಗಿಲ ಪಕ್ಕ ಇಟ್ಟಿದ್ದೇನೆ. ಎದುರು ಮನೆ ಆಂಟಿಗೂ ಹೇಳಿಟ್ಟೆ. ಮಗನಿಗೆ ಈಗ ಮೀಸೆ ಚಿಗುರಿದೆ, ಆದರೂ ಅವರು ಕೇಳಿದ್ದು ಒಂದೇ. ಖಿಚಡಿಗೆ ಬೇಳೆ ನೆನೆಹಾಕಲಾ ಅಂತ.

ಹಾಕಿ ಆಂಟಿ ಅಂದೆ.